ಹಾಲಿನವರು ತೋರಿಸಿದ ದಾರಿ

ಸಾಲ್ಟ್ ಲೇಕಿನ ನಮ್ಮ ಮನೆಗೆ ಹಾಲು ತರುತ್ತಿದ್ದವರು ಸೈಕಲ್ ಇಳಿದ ಕೂಡಲೇ ಅದರ ಸೀಟನ್ನೊಮ್ಮೆ ತಟ್ಟುತ್ತಿದ್ದರು. ಯಾವ ದಾರಿ ಹೇಗಿದೆಯೆಂದು ಕೇಳಿದರೂ, "ಚಲ್‌ಕೇ ದೇಖಿಯೇ, ದೀದಿ" ಎನ್ನುತ್ತಿದ್ದರು. ಹೋಗಿಯೇ ನೋಡಿ ಎಂದು.

ಅಲ್ಲಿನ ಆಫೀಸುಗಳ ಬಡಾವಣೆಯಾದ ಸೆಕ್ಟರ್ ಫೈವ್‌ಗೆ ಹೊಸ ಸೈಕಲ್ ದಾರಿ ಗುರುತಿಸುವ ತಂಡದಲ್ಲಿ ನಾನಿದ್ದೆ. ನಾವು ಆರಿಸಿದ ರಸ್ತೆಯನ್ನು ನಕ್ಷೆಯಲ್ಲಿ ಅವರಿಗೆ ತೋರಿಸಿ, ಇದು ಒಪ್ಪಿಗೆಯಾದರೆ ಬೇರೆ ರಸ್ತೆಗಳಲ್ಲಿ ಸೈಕಲ್ ಬಿಡುವುದಿಲ್ಲ ಎಂದೆ. ಮರುದಿನ ಅವರು ನಮ್ಮ ತಂಡದ ಎಂಜಿನಿಯರ್ ಎದುರಿಗೇ ಸೈಕಲ್ಲಿನ ಎರಡು ಹಾಲಿನ ಕ್ಯಾನಿಗೆ ಕಂಠಮಟ್ಟ ನೀರು ತುಂಬಿ, ಮುಚ್ಚಳ ಹಾಕದೆ, ಆ ರಸ್ತೆಯಲ್ಲಿ ಹೊರಟರು. ನಾವು ಹಿಂದೆ ನಡೆದೆವು. ಪ್ರತಿ ಹೊಂಡದಲ್ಲೂ ನೀರು ಚೆಲ್ಲಿತು. ಕೊನೆಗೆ ಕ್ಯಾನುಗಳು ಅರ್ಧ ಖಾಲಿಯಾಗಿದ್ದವು.

"ಮತ್ತೆ ನೀವು ದಿನಾ ಹೇಗೆ ಹೋಗ್ತೀರಿ?" ಎಂದು ಎಂಜಿನಿಯರ್ ಕೇಳಿದರು.

"ಚಲ್‌ಕೇ ದೇಖಿಯೇ, ಬಾಬು."

ಪುನಃ ನೀರು ತುಂಬಿಕೊಂಡು ಅವರು ಕಾಲುವೆ ಪಕ್ಕದ ಓಣಿಗೆ ತಿರುಗಿದರು. ರಿಕ್ಷಾ, ನಾಯಿ, ಶಾಲೆಗೆ ಹೊರಟ ಮಕ್ಕಳ ನಡುವೆ ಸೈಕಲ್ ಬಳುಕುತ್ತ ಸಾಗಿತು. ಕ್ಯಾನಿನ ನೀರು ತೆಳ್ಳಗೆ ನಡುಗಿತೇ ಹೊರತು ಒಂದು ಹನಿಯೂ ಕೆಳಗೆ ಬೀಳಲಿಲ್ಲ.

ಎಂಜಿನಿಯರ್ ನಕ್ಷೆಯನ್ನು ಒಂದು ಗೋಡೆಗೆ ಒತ್ತಿ ಹಿಡಿದು, ನಾವೆಳೆದ ಗೆರೆಯನ್ನು ಅಳಿಸಿ, ಪೆನ್ಸಿಲನ್ನು ಹಾಲಿನವರ ಕೈಗೆ ಕೊಟ್ಟರು.