ಹೇಮಶ್ರೀಯ ಶ್ವಾಸನಾಳ

ಹೇಮಶ್ರೀ ಪೆರಾಬೆಯ ಅಂಗನವಾಡಿ ಟೀಚರ್. ಕಳೆದ ವರ್ಷ ನ್ಯುಮೋನಿಯಾ ಬಂದು ವಾರಗಟ್ಟಲೆ ವೆಂಟಿಲೇಟರಿನಲ್ಲಿದ್ದಳು. ಜೀವವೇನೋ ಉಳಿಯಿತು; ಆದರೆ ಬಾಯಿಯಿಂದ ಇಳಿಸಿದ್ದ ಕೊಳವೆಯ ಗಾಯ ಒಣಗುತ್ತ ಶ್ವಾಸನಾಳವನ್ನೇ ಬಿಗಿದುಬಿಟ್ಟಿತು. ಮಂಗಳೂರಿನ ಡಾಕ್ಟರ್ ಶರ್ಮಿಳಾ ಕುತ್ತಿಗೆಯಲ್ಲಿ ತೂತು ಮಾಡಿ, ಉಸಿರಾಡಲು ಇನ್ನೊಂದು ಕೊಳವೆ ಇಟ್ಟರು. ಸ್ವರ ಹೋಯಿತು. ಹೇಳಬೇಕಾದದ್ದನ್ನೆಲ್ಲ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುತ್ತಿದ್ದಳು.

ಒಂದು ಮಧ್ಯಾಹ್ನ ಒಬ್ಬಳೇ ಇದ್ದಾಗ ಕಫ ಗಟ್ಟಿಯಾಗಿ ಕೊಳವೆ ಕಟ್ಟಿತು. ಕೂಗಲು ಸ್ವರವಿಲ್ಲ. ಓಡಿಹೋಗಿ ಪಕ್ಕದ ಮನೆಯ ಸಫಿಯಾಳ ಬಾಗಿಲು ಬಡಿದಳು. ಹೇಗೆ ತೊಳೆಯುವುದೆಂದು ನೋಡಿ ಗೊತ್ತಿದ್ದ ಸಫಿಯಾ ಕೊಳವೆಯೊಳಗಿದ್ದ, ತೊಳೆಯಲು ಹೊರತೆಗೆಯುವ ಸಣ್ಣ ಕೊಳವೆಯನ್ನು ಎಳೆದು ತೆಗೆದಳು; ಉಸಿರು ಬಂತು. ಅಂದಿನಿಂದ ಹೇಮಶ್ರೀಗೆ ಮನೆಯಲ್ಲಿ ಒಬ್ಬಳೇ ಕೂರಲು ಧೈರ್ಯವಿಲ್ಲ.

ಆ ವಾರವೇ ಗಂಡ ರೂಪೇಶ್ ಫೋನ್ ಹಿಡಿದು ಬಂದ. "ನೋಡು, ಇಲ್ಲೊಂದು ಆಸ್ಪತ್ರೆಯವರು ನಮ್ಮದೇ ಮೈಯ ಸ್ಟೆಮ್ ಸೆಲ್ ತೆಗೆದು ಹೊಸ ಶ್ವಾಸನಾಳ ಬೆಳೆಸಿ ಕೊಡ್ತಾರಂತೆ. ಬೇಗ ಬನ್ನಿ ಹೇಳಿದ್ರು."

ಅವಳಿಗೆ ಆಸೆಯೂ ಆಯಿತು, ಹೆದರಿಕೆಯೂ ಆಯಿತು. 'ಮೊದಲು ಡಾಕ್ಟ್ರನ್ನು ಕೇಳುವ' ಎಂದು ಟೈಪ್ ಮಾಡಿದಳು.

ಶರ್ಮಿಳಾ ಬೈಯಲಿಲ್ಲ. "ಜೀವಕೋಶ ಬೆಳೆಸಬಹುದು ರೂಪೇಶ್. ಆದ್ರೆ ಆ ನಾಳಕ್ಕೆ ರಕ್ತ ಓಡ್ಬೇಕು, ಉಸಿರೆಳೆದಾಗ ಅದು ಕುಸಿಯಬಾರದು. ಅದು ಇನ್ನೂ ಸಂಶೋಧನೆಯಲ್ಲೇ ಉಂಟು. ಹಿಂದೆ ಹೊರದೇಶದಲ್ಲಿ ಹಾಗೆ ಹಾಕಿಸಿಕೊಂಡವರಲ್ಲಿ ಸುಮಾರು ಜನ ಉಳಿಯಲಿಲ್ಲ. ಇವರು ಗುಣವಾದ ಒಬ್ಬರನ್ನಾದ್ರೂ ತೋರಿಸ್ತಾರಾ, ಕೇಳಿ."

ರೂಪೇಶ್ ಅಲ್ಲೇ ಫೋನ್ ಹಚ್ಚಿ ಕೇಳಿದ. ಆ ಕಡೆಯವರು "ಮೊದಲು ಬಂದು ಅಡ್ಮಿಟ್ ಆಗಿ" ಎಂದಷ್ಟೇ ಹೇಳಿ ಕಟ್ ಮಾಡಿದರು. ಅವನ ಮುಖ ಬಾಡಿತು.

"ನಿಮ್ಮದು ಬಿಗಿದ ಜಾಗ ಚಿಕ್ಕದು," ಎಂದರು ಶರ್ಮಿಳಾ, ಹೇಮಶ್ರೀಯತ್ತ ತಿರುಗಿ. "ಅಷ್ಟನ್ನು ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿಯಬಹುದು, ಆಗ ಈ ಕೊಳವೆ ಬೇಡ. ಹೊಲಿಗೆ ಎಳೆಯದ ಹಾಗೆ ಗದ್ದವನ್ನು ಎದೆಗೆ ಹೊಲಿದು ಇಡ್ತೇವೆ. ಆಮೇಲೆ ಒಂದು ವಾರ ತಲೆ ಎತ್ತುವ ಹಾಗಿಲ್ಲ."

'ಹೊಲಿಗೆ ಬಿಟ್ಟರೆ?'

"ಅಪಾಯ ಉಂಟು. ಇಲ್ಲ ಹೇಳುದಿಲ್ಲ."

ಇಲ್ಲ ಎನ್ನದಿದ್ದುದಕ್ಕೇ ಹೇಮಶ್ರೀಗೆ ಅವರ ಮೇಲೆ ನಂಬಿಕೆ ಬಂತು. ಒಪ್ಪಿದಳು.

ಆಪರೇಷನ್ ಮುಗಿದ ಮೇಲಿನ ವಾರವೇ ಕಠಿಣ. ಗದ್ದ ಎದೆಗೆ ಅಂಟಿಕೊಂಡೇ ಇತ್ತು. ಕಣ್ಣಿಗೆ ಬೀಳುತ್ತಿದ್ದುದು ಹೊದಿಕೆ ಮಾತ್ರ. ಮಾತಾಡುವಂತಿಲ್ಲ. ಕೆಮ್ಮು ಬಂದಾಗಲೆಲ್ಲ ಒಳಗೆ ಹೊಲಿಗೆಯೇ ಹರಿಯಿತೆಂದು ಹೆದರಿ ರೂಪೇಶನ ಕೈಯನ್ನು ಉಗುರು ನಾಟುವಂತೆ ಹಿಡಿಯುತ್ತಿದ್ದಳು.

ಗದ್ದದ ಹೊಲಿಗೆ ಬಿಚ್ಚಿದ ದಿನ ಶರ್ಮಿಳಾ, "ಮೆಲ್ಲ ಎಂತಾದ್ರೂ ಹೇಳಿ" ಎಂದರು. ಅವಳು ನಿಧಾನ ತಲೆ ಎತ್ತಿ ಗಂಡನನ್ನು ನೋಡಿದಳು.

"ಎಂತ ಮಾರಾಯ್ರೆ, ನೀವು ಅಳುದು?"

ಸ್ವರ ಒಡೆದಿತ್ತು, ಆದರೆ ಅವಳದೇ. ನಾಳ ಮತ್ತೆ ಬಿಗಿಯಿತೇ ಎಂದು ಈಗಲೂ ಆಗಾಗ ಪರೀಕ್ಷೆಗೆ ಹೋಗಬೇಕು. ಮಂಗಳೂರಿನ ಬಸ್ಸು ಹತ್ತಿದರೆ, ಡಾಕ್ಟರ್ ಒಳಗೆ ನೋಡಿ ಸರಿಯಿದೆಯೆಂದು ತಲೆಯಾಡಿಸುವವರೆಗೆ ಹೇಮಶ್ರೀಯ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.