ಮೂರು ದಿನದ ನೀರು

ಮುಂಡಗೋಡದ ವಾರದ ಸಂತೆಯಲ್ಲಿ ಕಳಲೆ ಕೇಳಿದೆ. ಮಾರುತ್ತಿದ್ದ ಅಜ್ಜಿ ಆ ಎಳೆ ಬಿದಿರಿನ ಸಿಪ್ಪೆ ಸುಲಿಯುತ್ತಲೇ, "ಮನ್ಯಾಗ ಅಡಿಗಿ ಯಾರು ಮಾಡ್ತಾರ?" ಎಂದಳು.

"ನಾನೇ."

"ಹಂಗಾರ ಹಸೀದು ಕೊಡೂದಿಲ್ರಿ. ಮೂರು ದಿನ ನೆನಿಹಾಕಿ ದಿನಾ ನೀರು ಬದಲ ಮಾಡಬೇಕು. ಮರತ್ರ ಕಹಿ ಹೋಗೂದಿಲ್ಲ, ಆಮ್ಯಾಲ ನನ್ನ ಬೈತೀರಿ. ಅಕ್ಕಾರನ್ನ ಕಳಸ್ರಿ."

ಶಾಲೆಯಲ್ಲಿ ದಿನವಿಡೀ ಮಾತಾಡುವ ನನಗೆ ಆ ಒಂದು ವಾಕ್ಯ ಹೇಳಲು ಹೊತ್ತು ಹಿಡಿಯಿತು. "ನನ್ನ ಹೆಂಡ್ತಿ ಯುಗಾದಿ ಮುಂಚೆನ ತೀರಿಕೊಂಡ್ಳು. ಪ್ರತಿ ಮಳಿಗಾಲಕ್ಕ ಕಳಲೆ ಪಲ್ಯ ಮಾಡ್ತಿದ್ಳು. ಈ ವರ್ಷ ತಪ್ಪಬಾರದು ಅಂತ ಬಂದೇನಿ."

ಅಜ್ಜಿ ಹಸಿ ಕಳಲೆಯನ್ನೇ ಎಲೆಯಲ್ಲಿ ಕಟ್ಟಿದಳು. "ಮುಂಜಾನೆ ಎದ್ದ ಕೂಡ್ಲೆ ನೀರು ಚೆಲ್ರಿ. ಚಾ ಆಮ್ಯಾಲ. ಮುಂದಿನ ಸಂತ್ಯಾಗ ಹೆಂಗಾತು ಅಂತ ಬಂದು ಹೇಳಬೇಕು ಮತ್ತ."

ನಾನು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ. "ಮಾಸ್ತರ್ ಅದೀರೇನು?" ಎಂದು ನಕ್ಕಳು.

ಮೂರು ದಿನವೂ ಚಹಾಕ್ಕೆ ಮೊದಲು ನೀರು ಚೆಲ್ಲಿದೆ. ಕಹಿ ಪೂರಾ ಹೋಗಿತ್ತು. ಮುಂದಿನ ಸಂತೆಯಲ್ಲಿ ಅಜ್ಜಿಗೆ "ಚಲೋ ಆಗಿತ್ತು" ಎಂದೆ. ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ ಎಂದು ಹೇಳಲಿಲ್ಲ; ಅದು ಚೀಟಿಯಲ್ಲಿ ಇರಲಿಲ್ಲ.