ನಾನು ಕೆಲಸ ಬಿಟ್ಟ ಸುದ್ದಿ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಹಣ್ಣಿನಂಗಡಿ ಮುಂದೆ ಸಪೋಟ ಆರಿಸುತ್ತಿದ್ದೆ. ಕುರುಗೋಡಿನ ಅಕ್ಕಿ ಗಿರಣಿಯೊಂದರ ಮಾಲೀಕರು ಸ್ಕೂಟರ್ ನಿಲ್ಲಿಸಿ, "ಏನ್ರೀ ಮೇಡಂ, ಕೆಲ್ಸ ಬಿಟ್ಟೀರಂತಲ್ಲ?" ಎಂದರು.

"ಯಾರ್ರೀ ಹಂಗಂದಿದ್ದು?"

"ಎಲ್ಲಾರಿಗೂ ಗೊತ್ತೈತಲ್ರಿ. ನಮ್ಮ ಹೊಸ ಚೀಲಾನೂ ಸಿರುಗುಪ್ಪದ ನಿಮ್ಮ ಗೆಳತೀನ ಮಾಡಿಕೊಟ್ರು" ಎಂದು ಹೊರಟೇಬಿಟ್ಟರು. ನಾನು ಸಪೋಟ ತಗೊಳ್ಳಲಿಲ್ಲ.

ನನ್ನ ಕೆಲಸ ಅಕ್ಕಿ ಚೀಲದ ಮೇಲಿನ ಚಿತ್ರ, ಜೀನ್ಸ್ ಪ್ಯಾಂಟಿನ ಲೇಬಲ್ಲು, ಅಂಗಡಿಗಳಿಗೆ ವೆಬ್‌ಸೈಟು. ಚೀಲದ ವ್ಯವಹಾರ ಬಲು ವಿಚಿತ್ರ. ಒಂದು ಗಿರಣಿಗೆ ಗಿಳಿ ಬರೆದುಕೊಟ್ಟರೆ ಪಕ್ಕದ ಗಿರಣಿಯವರಿಗೂ ಅದೇ ಗಿಳಿ ಬೇಕು, ಮುಖ ಮಾತ್ರ ಆ ಕಡೆ ತಿರುಗಿರಬೇಕು. ಗಿಳಿ ಕದ್ದರೆ ಇಲ್ಲಿ ಯಾರೂ ಕಳ್ಳತನ ಅನ್ನುವುದಿಲ್ಲ. ಗಿರಾಕಿಯನ್ನೇ ಕದ್ದರೆ?

ಸಿರುಗುಪ್ಪದ ಆ ಗೆಳತಿಯೂ ನಾನೂ ಬಳ್ಳಾರಿಯ ಒಂದೇ ಪ್ರಿಂಟಿಂಗ್ ಅಂಗಡಿಯಲ್ಲಿ, ಒಂದೇ ಕಂಪ್ಯೂಟರಿನ ಮುಂದೆ ಎರಡು ಸ್ಟೂಲು ಹಾಕಿಕೊಂಡು ಕೆಲಸ ಕಲಿತವರು. ಮದುವೆಯಾಗಿ ಸಿರುಗುಪ್ಪಕ್ಕೆ ಹೋದ ಮೇಲೆ ಅವಳೂ ಸ್ವಂತ ಅಂಗಡಿ ತೆರೆದಳು. ಆಗ ನಮ್ಮಲ್ಲೊಂದು ಮಾತಾಗಿತ್ತು: ಸಿರುಗುಪ್ಪದ ಗಿರಣಿಗಳು ಅವಳವು, ಬಳ್ಳಾರಿ ಮತ್ತು ಕುರುಗೋಡು ನನ್ನವು. ಕಾಗದ ಇಲ್ಲ, ಸಹಿ ಇಲ್ಲ, ಬರೀ ಮಾತು.

ಸಪೋಟ ಬಿಟ್ಟು ಬಂದ ದಿನದಿಂದ ನಾನು ಪೊಲೀಸಿನವಳಾದೆ. ಕಿರಾಣಿ ಅಂಗಡಿಗೆ ಹೋದರೆ ಅಕ್ಕಿ ಕೇಳುವ ಮೊದಲು ಚೀಲ ತಿರುಗಿಸಿ ನೋಡುವುದು. ನವಿಲಿನ ಗರಿಗೆ ಆ ತರಹ ದಪ್ಪ ಅಂಚು ಕೊಡುವವಳು ಅವಳೊಬ್ಬಳೇ. ಒಂದು, ಎರಡು, ಮೂರನೆಯದೂ ಕುರುಗೋಡಿನದೇ! ಹಳೇ ಗಿರಾಕಿಗಳು ನನ್ನ ಹತ್ತಿರವೇ ಬರುತ್ತಿದ್ದರು, ನಿಜ. ಆದರೆ ಹೊಸಬರು ಒಬ್ಬರೂ ಇಲ್ಲ. ಇವಳೇ ಊರೂರಲ್ಲಿ ನನ್ನ ಅಂಗಡಿ ಮುಚ್ಚಿಸಿದ್ದಾಳೆ ಎಂದು ತೀರ್ಮಾನ ಮಾಡಿಬಿಟ್ಟೆ.

ಅದೇ ವಾರ ಅವಳ ಫೋನು ಬಂತು. ಊಟ ಆತೇನು, ಮಗಳು ಹೆಂಗದಾಳು ಎಂದೆಲ್ಲ ಕೇಳಿ, ಕೊನೆಗೆ, "ಲೇ, ನಿನ್ನ ವೆಬ್‌ಸೈಟು ಒಮ್ಮೆ ನೋಡ್ಕೊಳೇ" ಎಂದಳು.

ಮೈಯೆಲ್ಲ ಉರಿದುಹೋಯಿತು. ನನ್ನ ಸೈಟು ಹಳೆಯದೆಂದು ನನಗೆ ಗೊತ್ತಿಲ್ಲವೇ? ಯುಗಾದಿ ಬಂದರೆ ಜೀನ್ಸ್ ಅಂಗಡಿಯವರ ಸೈಟಿಗೆ ತೋರಣ ಕಟ್ಟುವವಳು ನಾನು, ದೀಪಾವಳಿಗೆ ಬೆಳ್ಳಿ ಅಂಗಡಿಯವರದಕ್ಕೆ ದೀಪ ಹಚ್ಚುವವಳೂ ನಾನೇ. ನನ್ನದು ಮಾತ್ರ "ಈ ಭಾನುವಾರ". ಭಾನುವಾರ ಬಂದರೆ ಮಗಳ ತಲೆಸ್ನಾನ, ದೋಸೆಹಿಟ್ಟು, ಯಾರದೋ ಅರ್ಜೆಂಟ್ ನಿಶ್ಚಿತಾರ್ಥದ ಕಾರ್ಡು. ನಾನೇ ಕಟ್ಟಿದ ಸೈಟು, ಬಾಯಿಪಾಠ ಇದೆ, ತೆಗೆದು ನೋಡುವುದೇನಿದೆ? ಗಿರಾಕಿಗಳನ್ನು ಕಿತ್ತುಕೊಂಡಿದ್ದಲ್ಲದೆ ಆಡಿಕೊಳ್ಳಲು ಬೇರೆ ಬಂದಳು. "ನೋಡ್ತೀನಿ ಬಿಡು" ಎಂದು ಫೋನಿಟ್ಟೆ.

ಮರುದಿನ ಬೆಳಿಗ್ಗೆ ಮಗಳನ್ನು ಬಾಲವಾಡಿಗೆ ಬಿಟ್ಟು ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಲುವೆ, ಭತ್ತದ ಗದ್ದೆ. ಯಾವುದೂ ಕಣ್ಣಿಗೆ ಬೀಳಲಿಲ್ಲ, ಬೈಯಬೇಕಾದ ಮಾತುಗಳನ್ನೇ ಜೋಡಿಸುತ್ತಿದ್ದೆ.

ಅಂಗಡಿಯಲ್ಲಿ ಅವಳ ಎದುರು ಗಿರಣಿಯ ಗುಮಾಸ್ತರೊಬ್ಬರು ಕೂತಿದ್ದರು. "ಬಾರೇ, ಬಾ! ಹೇಳ್ದ ಕೇಳ್ದ ಬಂದೀಯಲ್ಲ" ಎಂದು ಎದ್ದು ಕುರ್ಚಿ ಎಳೆದಳು.

ನಾನು ಕೂರಲಿಲ್ಲ. "ಕುರುಗೋಡು ಯಾರದಲೇ? ನಾನು ಕೆಲ್ಸ ಬಿಟ್ಟೀನಂತ ಊರಿಗೆಲ್ಲ ಸಾರಿಕೊಂಡು ನನ್ನ ಅನ್ನ ಕಸಗೊಂಡೀಯಲ್ಲ, ನಾಚಿಕಿ ಆಗಂಗಿಲ್ಲೇನು ನಿನಗ? ಕಳ್ಳಿ ಅದೀ ನೀನು!"

ಗುಮಾಸ್ತರು ಮೆಲ್ಲಗೆ ಎದ್ದು ಹೊರಗೆ ಹೋದರು. ಅವಳು ಕಂಪ್ಯೂಟರಿನಲ್ಲಿ ನನ್ನ ಸೈಟು ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಮೊದಲ ಪುಟದಲ್ಲೇ, ಹಳದಿ ಪಟ್ಟಿಯಲ್ಲಿ, ನನ್ನದೇ ಅಕ್ಷರ: "ಹೆರಿಗೆಯ ಕಾರಣ ಸದ್ಯಕ್ಕೆ ಕೆಲಸ ಒಪ್ಪಿಕೊಳ್ಳುತ್ತಿಲ್ಲ. ದಯವಿಟ್ಟು ಸಿರುಗುಪ್ಪದ ನನ್ನ ಗೆಳತಿಗೆ ಫೋನ್ ಮಾಡಿ. ನನ್ನನ್ನು ನಂಬಿದಷ್ಟೇ ಅವಳನ್ನೂ ನಂಬಬಹುದು." ಕೆಳಗೆ ಅವಳ ನಂಬರು.

ಎಂಟನೇ ತಿಂಗಳಲ್ಲಿ ಬಾತ ಕಾಲುಗಳನ್ನು ಸ್ಟೂಲಿನ ಮೇಲಿಟ್ಟುಕೊಂಡು ಬರೆದದ್ದು. ಆ ಹೆರಿಗೆಯ ಕೂಸು ಈಗ ಬಾಲವಾಡಿಯಲ್ಲಿ ಕೂತು ಪದ್ಯ ಹೇಳುತ್ತಿದೆ.

"ಹೋದ ವರ್ಷಾನೂ ಹೇಳಿದ್ದೆ ನೋಡ್ಕೊ ಅಂತ" ಎಂದಳು. "ನೋಡ್ತೀನಿ ಬಿಡು ಅಂದಿ. ಸಣ್ಣ ಕೂಸು, ಹೊಸ ಕೆಲ್ಸ ಆಗವಲ್ದೇನೋ, ಬೇಕಂತನ ಹಂಗ ಇಟ್ಟೀ ಅನ್ಕೊಂಡೆ. ಬಂದವರಿಗೆಲ್ಲ ನಿನ್ನ ಹೆಸರು ಹೇಳೇ ಮಾಡಿಕೊಟ್ಟೀನಿ."

ಅವಳು ಎಳೆದಿಟ್ಟಿದ್ದ ಕುರ್ಚಿಯಲ್ಲಿ ಕೂತೆ.

"ಇವತ್ತಾದ್ರೂ ಪುರಸೊತ್ತು ಮಾಡ್ಕೊಂಡು ತೆಗಿ. ಮೊದಲು ಆ ಕೊನೀ ಸಾಲು ತೆಗಿ" ಎಂದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಿತ್ತು. "ಅದು ಈಗ ಸುಳ್ಳೈತಿ."

ಮಧ್ಯಾಹ್ನ ಮನೆಗೆ ಬಂದವಳೇ ಕಂಪ್ಯೂಟರ್ ಮುಂದೆ ಕೂತೆ. ಹೊಸ ಚೀಲಗಳ ಚಿತ್ರ ಹಾಕಿದೆ, ಹೆರಿಗೆಯ ಮಾತು ಅಳಿಸಿದೆ, ಅವಳ ನಂಬರಿದ್ದಲ್ಲಿ ನನ್ನದು ಹಾಕಿದೆ. ಮೂರು ವರ್ಷದಿಂದ ಪುರಸೊತ್ತಿಲ್ಲವೆಂದು ಮುಂದೂಡಿದ ಕೆಲಸ ಒಂದು ತಾಸಿನಲ್ಲಿ ಮುಗಿಯಿತು. ಕೊನೆಯ ಸಾಲು ಅಳಿಸಲು ಮಾತ್ರ ಬಹಳ ಹೊತ್ತು ಹಿಡಿಯಿತು. ಅಳಿಸಿ, ಅವಳಿಗೆ ಫೋನ್ ಮಾಡಿದೆ. ರಿಂಗಾಗಿ ಆಗಿ ನಿಂತಿತು. ಮರುದಿನವೂ ಎತ್ತಲಿಲ್ಲ, ಅದರ ಮರುದಿನವೂ ಇಲ್ಲ.

ಹತ್ತು ದಿನದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಕುರುಗೋಡಿನ ಹೊಸ ಗಿರಣಿಯವರು.

"ನಮ್ಮ ಕಡೆ ಸಿರುಗುಪ್ಪದ ಅಕ್ಕಾರ ನಂಬರಿತ್ರೀ. ಅವ್ರಿಗೆ ಮಾಡಿದ್ರ, ಕುರುಗೋಡಿನ ಕೆಲ್ಸ ನಂದಲ್ಲ, ನಿಮ್ಮನ್ನ ಕೇಳ್ರಿ ಅಂದ್ರು."

"ಮತ್ತೇನಂದ್ರು?"

"ಬ್ಯಾರೇನಿಲ್ರಿ. ನನ್ನ ನಂಬಿದಷ್ಟ ಅಕೀನೂ ನಂಬ್ರಿ ಅಂದ್ರು."

ನನಗೆ ಮೊದಲು ಬಂದ ಯೋಚನೆ, ಚುಚ್ಚುತ್ತಿದ್ದಾಳೇನು ಎಂದು. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಗಿರಣಿಯವರಿಗೆ ಆಮೇಲೆ ಮಾತಾಡುತ್ತೇನೆಂದು ಹೇಳಿ, ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಸಿರುಗುಪ್ಪದ ಬಸ್ಸು ಹತ್ತಿದೆ.